ಪುಕ್ಕಟೆ ಸೇವೆ ಅಂದರೆ ಕೇಳಬಾರದು ಅಂತಲ್ಲ

ಸರಕಾರಿ ಆರೋಗ್ಯ ಸೇವೆಯಲ್ಲಿ ನ್ಯಾಯ-ನೀತಿ: ಸಂಘದ ಸಭೆಗೆ ಒಂದು ಪಾಠ



ಈ ಸಲದ ಪಾಠ ಉಳಿತಾಯದ ಬಗ್ಗೆ ಅಲ್ಲ, ಸಾಲದ ಬಗ್ಗೆಯೂ ಅಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಯಾವ ಸಂಘಕ್ಕೆ ಹೋದರೂ ಕಿವಿಗೆ ಬೀಳುವ ಒಂದು ಮಾತಿದೆ. "ಸಿಸ್ಟರ್, ಸರಕಾರಿ ದವಾಖಾನ್ಯಾಗ ಎಲ್ಲಾ ಪುಕ್ಕಟೆ ಕೊಡ್ತಾರ. ಪುಕ್ಕಟೆ ಕೊಡೋರಿಗೆ ಯಾಕ, ಏನು, ಎಂಥಾದ್ದು ಅಂತ ಹೆಂಗ ಕೇಳೂದ್ರಿ?" ಈ ಪಾಠ ಆ ಪ್ರಶ್ನೆಗೆ ಉತ್ತರ.

ಮೊದಲು ಪುಕ್ಕಟೆ ಅನ್ನುವ ಶಬ್ದವನ್ನೇ ನೋಡೋಣ. ನಾವು ಕೊಳ್ಳುವ ಸಾಬೂನು, ಕಡ್ಡಿಪೆಟ್ಟಿಗೆ, ಮೊಬೈಲ್ ರೀಚಾರ್ಜ್, ಎಲ್ಲದರಲ್ಲೂ ತೆರಿಗೆ ಸೇರಿದೆ. ಕೂಲಿ ಮಾಡುವ ಹೆಣ್ಣುಮಗಳೂ ತೆರಿಗೆ ಕಟ್ಟುತ್ತಾಳೆ, ರಶೀದಿ ಮಾತ್ರ ಸಿಗುವುದಿಲ್ಲ. ಆ ದುಡ್ಡಿನಿಂದಲೇ ದವಾಖಾನೆಯ ಗೋಡೆ, ಡಾಕ್ಟರ ಪಗಾರ, ಸೂಜಿ-ಮಾತ್ರೆ. ಅಂದ ಮೇಲೆ ಅದು ಭಿಕ್ಷೆ ಅಲ್ಲ, ನಮ್ಮದೇ ಗಂಟು. ನಮ್ಮ ಸಂಘದ ಉಳಿತಾಯದ ಲೆಕ್ಕ ಕೇಳಲು ನಾವು ನಾಚುತ್ತೇವೆಯೇ?

ಓದಿ ಹೇಳದ ಕಾಗದ

ಸಂಘದಲ್ಲಿ ನಮಗೊಂದು ನಿಯಮ ಇದೆ. ಠರಾವು ಬರೆದ ಮೇಲೆ ಪುಸ್ತಕ ಬರೆಯುವವಳು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಎಲ್ಲರೂ ಕೇಳಿಸಿಕೊಂಡ ಮೇಲೆಯೇ ಸಹಿ, ಹೆಬ್ಬೆಟ್ಟು. ಬ್ಯಾಂಕಿನವರು ಬಂದು "ಇಲ್ಲೊಂದು, ಇಲ್ಲೊಂದು ಸಹಿ ಮಾಡ್ರಿ" ಅಂದಾಗ ಎಷ್ಟೋ ಸಂಘಗಳು "ಮೊದಲ ಬಡ್ಡಿ ಎಷ್ಟು ಹೇಳ್ರಿ ಸಾಹೇಬ್ರ" ಅಂತ ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಅದೇ ಹೆಣ್ಣುಮಕ್ಕಳು ದವಾಖಾನೆಯಲ್ಲಿ ಕಾಗದ ಮುಂದೆ ಚಾಚಿದ ಕೂಡಲೇ ಹೆಬ್ಬೆಟ್ಟು ಒತ್ತಿಬಿಡುತ್ತಾರೆ. ಹತ್ತು ಸಾವಿರ ರೂಪಾಯಿ ಸಾಲಕ್ಕೆ ಕೇಳುವಷ್ಟು ಪ್ರಶ್ನೆಯನ್ನು ನಮ್ಮ ಸ್ವಂತ ಹೊಟ್ಟೆಗೆ ಕತ್ತರಿ ಹಾಕುವಾಗ ಕೇಳುವುದಿಲ್ಲ.

ನ್ಯಾಯ-ನೀತಿ ಅಂದರೆ ದೊಡ್ಡ ಶಬ್ದ ಅನ್ನಿಸಬಹುದು. ಆರೋಗ್ಯದ ವಿಷಯದಲ್ಲಿ ಅದರ ಅರ್ಥ ಸರಳ. ಒಂದು ಕಡೆ ಓದು, ಅಧಿಕಾರ, ಔಷಧ ಇರುವವರು. ಇನ್ನೊಂದು ಕಡೆ ನೋವು, ಅಂಜಿಕೆ ಮಾತ್ರ ಇರುವವರು. ಮೊದಲನೆಯವರು ಎರಡನೆಯವರ ಜೊತೆ ಹೇಗೆ ನಡೆದುಕೊಳ್ಳಬೇಕು? ಮಾಡುವ ಮೊದಲು ತಿಳಿಸಿ ಹೇಳಬೇಕು, ಕೊಡುವುದನ್ನು ಚಲೋದನ್ನೇ ಕೊಡಬೇಕು, ತಿಳಿದದ್ದನ್ನು ಗುಟ್ಟಾಗಿ ಇಡಬೇಕು, ತಪ್ಪಾದರೆ ಹೊಣೆ ಹೊರಬೇಕು. ಇದರಲ್ಲಿ ಯಾವುದು ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಇದೆ.

ಸಾಲಹಳ್ಳಿಯಲ್ಲಿ ಆದದ್ದು

2022ರ ಜನವರಿ. ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕು, ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ. ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದ ಕಡೆ ಇಡದೆ ಹೋಟೆಲ್‌ನ ಫ್ರಿಜ್‌ನಲ್ಲಿ ಇಟ್ಟಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂತು. ನರ್ಸ್ ಮತ್ತು ಔಷಧ ನೋಡಿಕೊಳ್ಳುವವರು ಅಮಾನತಾದರು. ಆ ತಾಯಂದಿರು ಏನು ತಪ್ಪು ಮಾಡಿದ್ದರು? ಕರೆದ ದಿನ, ಕರೆದ ಹೊತ್ತಿಗೆ, ಕೂಸನ್ನು ಎತ್ತಿಕೊಂಡು ಬಂದಿದ್ದರು. ಸರಕಾರ ಹೇಳಿದ್ದನ್ನು ನಂಬಿದ್ದರು.

ಆ ಸುದ್ದಿ ಹಬ್ಬಿದ ಮೇಲೆ ಎಷ್ಟೋ ತಾಯಂದಿರಿಗೆ ಸೂಜಿ ಅಂದರೆ ಎದೆ ಒಡೆಯುವಂತಾಯಿತು. ಅಂಜಿಕೆ ಬರುವುದು ಸಹಜ. ಆದರೆ "ಸೂಜಿನೇ ಬ್ಯಾಡ" ಅನ್ನುವುದು ಆ ಮೂರು ಕೂಸುಗಳಿಗೆ ನ್ಯಾಯ ಕೊಡುವ ದಾರಿ ಅಲ್ಲ. ದಡಾರ, ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದು ಸಣ್ಣ ಬೇನೆ ಅಲ್ಲ. ಪುಪ್ಪುಸಕ್ಕೆ ಇಳಿದರೆ ಕೂಸು ಉಳಿಯುವುದು ಕಷ್ಟ, ಉಳಿದರೂ ಕಣ್ಣು ಹೋಗಬಹುದು. ರುಬೆಲ್ಲಾ ಬಸುರಿಗೆ ಬಂದರೆ ಹುಟ್ಟುವ ಮಗುವಿಗೆ ಕಿವಿ, ಕಣ್ಣು, ಹೃದಯದ ದೋಷ ಬರುತ್ತದೆ. ಲಸಿಕೆ ಬೇಕೇ ಬೇಕು. 9ರಿಂದ 12 ತಿಂಗಳ ಒಳಗೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು. ಬೇಡವಾದದ್ದು ಅಸಡ್ಡೆ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಕಲಿಯಬೇಕು. ಅದಕ್ಕೆ ಲಸಿಕೆ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಸ್ವಲ್ಪ ಗೊತ್ತಿರಬೇಕು.

ಈ ಲಸಿಕೆ ಬಾಟಲಿಯಲ್ಲಿ ಒಣ ಪುಡಿಯಾಗಿ ಬರುತ್ತದೆ. ಅದರ ಜೊತೆ ಬರುವ ನೀರಿನಂಥ ದ್ರವವನ್ನು ಬೆರೆಸಿ ಕೊಡಬೇಕು. ಒಂದೇ ಬಾಟಲಿ ಹಲವು ಕೂಸುಗಳಿಗೆ ಆಗುತ್ತದೆ. ಪುಡಿಯೂ ದ್ರವವೂ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಅದಕ್ಕೆಂದೇ ದವಾಖಾನೆಯಲ್ಲಿ ಬೇರೆ ಫ್ರಿಜ್ ಇರುತ್ತದೆ, ಹಳ್ಳಿಗೆ ತರುವಾಗ ಐಸ್ ಪ್ಯಾಕ್ ಹಾಕಿದ ಡಬ್ಬಿ ಇರುತ್ತದೆ. ಹಾಲು-ತರಕಾರಿ ಇಡುವ, ಗಳಿಗೆಗೊಮ್ಮೆ ಬಾಗಿಲು ತೆರೆಯುವ, ಕರೆಂಟ್ ಹೋದಾಗಲೆಲ್ಲ ಬೆಚ್ಚಗಾಗುವ ಫ್ರಿಜ್ ಅದಕ್ಕೆ ನಡೆಯುವುದಿಲ್ಲ.

ಇನ್ನೂ ಮುಖ್ಯವಾದದ್ದು ಗಂಟೆ. ಪುಡಿಗೆ ದ್ರವ ಬೆರೆಸಿದ ಮೇಲೆ ನಾಲ್ಕು ತಾಸಿನ ಒಳಗೆ ಅದನ್ನು ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಯಾಕೆಂದರೆ ಕೆಡದಂತೆ ಕಾಯುವ ಔಷಧ ಇದರಲ್ಲಿ ಇಲ್ಲ. ತೆರೆದ ಬಾಟಲಿಯಲ್ಲಿ ಕ್ರಿಮಿ ಬೆಳೆದು ವಿಷವಾಗುತ್ತದೆ, ಆ ವಿಷ ಕೂಸಿಗೆ ಕೆಲವೇ ತಾಸಿನಲ್ಲಿ ವಾಂತಿ-ಭೇದಿ, ಜ್ವರ ತರಿಸಿ ಜೀವವನ್ನೇ ತೆಗೆಯಬಹುದು. ನಿನ್ನೆ ಬೆರೆಸಿದ್ದನ್ನು ಇವತ್ತು ಹಾಕಲೇಬಾರದು. ನಿನ್ನೆಯ ಹೆಪ್ಪು ಇವತ್ತಿಗೆ ನಡೆಯುತ್ತದೆ, ನಿನ್ನೆಯ ಲಸಿಕೆ ನಡೆಯುವುದಿಲ್ಲ.

ಬಾಟಲಿಯ ಮೇಲೆ ಒಂದು ಸಣ್ಣ ನೇರಳೆ ದುಂಡು ಇರುತ್ತದೆ, ಅದರ ಒಳಗೆ ಒಂದು ಚೌಕ. ಚೌಕ ಬೆಳ್ಳಗಿದ್ದರೆ, ಅಥವಾ ಸುತ್ತಲಿನ ದುಂಡಿಗಿಂತ ತಿಳಿಯಾಗಿದ್ದರೆ ಸರಿ. ಎರಡೂ ಒಂದೇ ಬಣ್ಣವಾದರೆ ಬಾಟಲಿಗೆ ಬಿಸಿ ತಗುಲಿದೆ, ಬಳಸಬಾರದು. ಓದು ಬರದವರೂ ಇದನ್ನು ನೋಡಿ ತಿಳಿಯಬಹುದು. ಆದರೆ ಒಂದು ಮಾತು ನೆನಪಿರಲಿ. ಈ ಚೌಕ ಬಿಸಿಯ ಸುದ್ದಿ ಮಾತ್ರ ಹೇಳುತ್ತದೆ, ಒಳಗೆ ಕ್ರಿಮಿ ಸೇರಿದೆಯೋ ಇಲ್ಲವೋ ಅನ್ನೋದನ್ನು ಹೇಳುವುದಿಲ್ಲ. ಅದಕ್ಕೇ ಗಂಟೆಯನ್ನೂ ಕೇಳಬೇಕು. "ಅಕ್ಕಾರ, ಈ ಬಾಟಲಿ ಎಷ್ಟು ಗಂಟೆಗೆ ಬೆರೆಸೀರಿ?" ಬೆರೆಸಿದ ಹೊತ್ತನ್ನು ಬಾಟಲಿ ಮೇಲೆ ಬರೆಯಬೇಕು ಅಂತ ನಿಯಮವೇ ಇದೆ. ಆದ್ದರಿಂದ ಚಲೋ ಕೆಲಸ ಮಾಡುವ ನರ್ಸ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಪ್ರತಿ ಕೂಸಿಗೆ ಹೊಸ ಸಿರಿಂಜ್. ಸೂಜಿ ಆದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಬೇಕು. ಕಳೆ ತೆಗೆಯಲು ಹೊಲಕ್ಕೆ ಹೋಗುವ ಅವಸರ ಇದ್ದರೂ ಕುಳಿತಿರಬೇಕು. ಮನೆಗೆ ಬಂದ ಮೇಲೆ ಸ್ವಲ್ಪ ಜ್ವರ ಸಾಮಾನ್ಯ. ಆದರೆ ಕೂಸು ಮೇಲಿಂದ ಮೇಲೆ ವಾಂತಿ ಮಾಡಿದರೆ, ಜೋಲಿ ಬಿದ್ದರೆ, ಮೊಲೆ ಹಿಡಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಗುರಿ ಮುಟ್ಟುವ ಅವಸರ

ಮಾರ್ಚ್ ಎಂಡ್ ಅಂದರೆ ಏನು ಅಂತ ಸಂಘದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿಗೆ ಗುರಿ ಇರುತ್ತದೆ, ವಸೂಲಿಯ ಗದ್ದಲ ಜೋರಾಗುತ್ತದೆ. ಆರೋಗ್ಯ ಇಲಾಖೆಗೂ ಗುರಿ ಇತ್ತು. ಇಷ್ಟು ಆಪರೇಷನ್ ಆಗಲೇಬೇಕು ಅಂತ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಅದರಲ್ಲಿ ಹೆಚ್ಚಿನವರು ಗಂಡಸರು, ಎಷ್ಟೋ ಮಂದಿಯನ್ನು ಬಲವಂತದಿಂದ ಎಳೆದುಕೊಂಡು ಹೋಗಿದ್ದರು. ಆ ಸಿಟ್ಟು ಚುನಾವಣೆಯಲ್ಲಿ ಹೊರಬಂತು. ಆಮೇಲೆ ಯಾವ ಸರಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ, ಭಾರ ಪೂರ್ತಿ ಹೆಂಗಸರ ಮೇಲೆ ಬಂತು. 1996ರಲ್ಲಿ ಕೇಂದ್ರ ಸರಕಾರ ಗುರಿ ಪದ್ಧತಿ ತೆಗೆದುಹಾಕಿತು. ಕಾಗದದ ಮೇಲಿಂದ ಗುರಿ ಹೋಯಿತು, ಮೀಟಿಂಗಿನಲ್ಲಿ "ನಿಮ್ಮದು ಎಷ್ಟಾತು?" ಅಂತ ಕೇಳುವುದು ಹೋಗಲಿಲ್ಲ.

ಅದರ ಫಲ ಏನು ಅಂತ 2014ರ ನವೆಂಬರ್ 8ರಂದು ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ಗೊತ್ತಾಯಿತು. ಬಳಕೆಯಲ್ಲಿಲ್ಲದ ಒಂದು ಆಸ್ಪತ್ರೆ ಕಟ್ಟಡದಲ್ಲಿ ಸರಕಾರಿ ಕ್ಯಾಂಪ್. ಒಬ್ಬರೇ ಡಾಕ್ಟರು, ಕೆಲವೇ ತಾಸಿನಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು ಅಂತ ಇಲಾಖೆಯದೇ ನಿಯಮ ಇತ್ತು. 13 ಹೆಂಗಸರು ತೀರಿಕೊಂಡರು, ಎಲ್ಲರೂ ಬಡವರು, ಸಣ್ಣ ಸಣ್ಣ ಮಕ್ಕಳ ತಾಯಂದಿರು. 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕು. ಆಪರೇಷನ್ ಅಂದರೆ ಏನು, ಅದರ ಪರಿಣಾಮ ಏನು ಅಂತ ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಹೇಳಿದ ಮೇಲೆ ವಿಚಾರ ಮಾಡಲು ಸುಮಾರು ಒಂದು ತಾಸು ಕೊಡಬೇಕು. ಮನಸ್ಸು ಬದಲಾದರೆ ಎದ್ದು ಮನೆಗೆ ಹೋಗಬಹುದು, ಯಾರೂ ಬೈಯುವಂತಿಲ್ಲ.

ನಮ್ಮ ಕಥೋಲಿಕ ಧರ್ಮಸಭೆ ಈ ಆಪರೇಷನ್ನನ್ನು ಒಪ್ಪುವುದಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಅಕ್ಕ-ತಂಗಿಯರಿದ್ದೀರಿ, ನಿಮ್ಮಲ್ಲಿ ಬಹಳ ಮಂದಿಗೆ ಆಪರೇಷನ್ ಆಗಿಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಆಗಿದೆ, ಗಂಡಸರು ನೂರಕ್ಕೆ ಒಬ್ಬರೂ ಇಲ್ಲ. ಗಂಡಸರ ಆಪರೇಷನ್ನೇ ಹೆಚ್ಚು ಸರಳ, ಅಪಾಯ ಕಡಿಮೆ. ಇದನ್ನು ಎಷ್ಟು ಮನೆಯಲ್ಲಿ ಹೇಳಿದ್ದಾರೆ? ಆದ್ದರಿಂದ ನಾನು ಇಲ್ಲಿ ಮಾತಾಡುವುದು ಆಕೆಯ ಒಪ್ಪಿಗೆಯ ಬಗ್ಗೆ. ಬೇಕು ಅನ್ನುವುದೂ ಬೇಡ ಅನ್ನುವುದೂ ಆಕೆಯದೇ ಬಾಯಿಂದ ಬರಬೇಕು. ಗಂಡನ ಸಹಿ ಬೇಕೇ ಬೇಕು ಅಂತ ನಿಯಮ ಇಲ್ಲ. ಅತ್ತೆಯ ಒಪ್ಪಿಗೆ ಆಕೆಯ ಒಪ್ಪಿಗೆ ಅಲ್ಲ. ಆಪರೇಷನ್ ಆದ ಮೇಲೂ ಬಸುರಾದರೆ ಸರಕಾರದಿಂದ ಪರಿಹಾರ ಇದೆ, ಆದರೆ ಗೊತ್ತಾದ 90 ದಿನದೊಳಗೆ ಅರ್ಜಿ ಕೊಡಬೇಕು. ಅದಕ್ಕೆ ಆಪರೇಷನ್ ಆದ ಸರ್ಟಿಫಿಕೇಟ್ ಬೇಕು. ಎಷ್ಟೋ ಮಂದಿ ಅದನ್ನು ಕೇಳಿ ತೆಗೆದುಕೊಳ್ಳುವುದೇ ಇಲ್ಲ.

ಇನ್ನೊಂದು ವಿಷಯ ಸಭೆಗಳಲ್ಲಿ ಮೆಲ್ಲಗೆ ಹೊರಬರುತ್ತದೆ. ಹೆರಿಗೆ ಆದ ಕೂಡಲೇ, ಕೇಳದೆ ಹೇಳದೆ, ಕಾಪರ್-ಟಿ ಹಾಕಿ ಕಳಿಸಿದ್ದು. ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಸ್ರಾವ ಅಂತ ಒದ್ದಾಡಿ, ಬೇರೆ ಡಾಕ್ಟರು ನೋಡಿದಾಗ ಆಕೆಗೆ ಗೊತ್ತಾಗುತ್ತದೆ, ತನ್ನ ಒಳಗೆ ಏನೋ ಇದೆ ಅಂತ. ಕಾಪರ್-ಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೇಳದೆ ಹಾಕಿದ್ದು ಕೆಟ್ಟದ್ದು. ನಮ್ಮ ಮನೆಯ ಗ್ವಾದಲಿಯಲ್ಲಿ ಯಾರಾದರೂ ನಮಗೆ ಹೇಳದೆ ತಮ್ಮ ಎತ್ತು ಕಟ್ಟಿದರೆ ಸುಮ್ಮನಿರುತ್ತೇವೆಯೇ?

ಗರ್ಭಚೀಲದ ಮಾತು ಬಂತು ಅಂದರೆ ರಾಣೇಬೆನ್ನೂರನ್ನು ನೆನೆಯಲೇಬೇಕು. ಹಾವೇರಿ ಜಿಲ್ಲೆಯ ಆ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಚೀಲ ತೆಗೆದರು, ಬೇಕಿಲ್ಲದವರಿಗೂ ತೆಗೆದರು ಅಂತ ಅಲ್ಲಿಯ ಹೆಂಗಸರು ದೂರು ಕೊಟ್ಟರು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾದವರು. ಬಿಳಿ ಹೋಗುತ್ತದೆ, ಹೊಟ್ಟೆನೋವು ಅಂತ ಹೋದವರಿಗೆ ಕ್ಯಾನ್ಸರ್ ಅಂಜಿಕೆ ಹಾಕಿದರು ಅನ್ನೋದು ಅವರ ಮಾತು. ಪರಿಹಾರ ಕೇಳಿ ವರ್ಷಗಟ್ಟಲೆ ಹೋರಾಡಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಕಿಲ್ಲದ ಗರ್ಭಚೀಲ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿತು. ನಮ್ಮ ಕಡೆಯೂ ಕಬ್ಬು ಕಡಿಯುವ, ಕಳೆ ತೆಗೆಯುವ ಹೆಣ್ಣುಮಕ್ಕಳು "ತಿಂಗಳಾ ತಿಂಗಳಾ ಯಾಕ ತ್ರಾಸ, ತೆಗೆಸಿಬಿಟ್ಟರ ಆತು" ಅನ್ನುವುದುಂಟು. ಚೀಲ ತೆಗೆದು ಚೆಲ್ಲುವ ವಸ್ತು ಅಲ್ಲ. ಸಣ್ಣ ವಯಸ್ಸಿನಲ್ಲಿ ತೆಗೆದರೆ, ಅದರ ಜೊತೆ ಅಂಡಾಶಯವನ್ನೂ ತೆಗೆದರೆ, ಎಲುಬು ಸವೆಯುತ್ತದೆ, ಮೈ ಉರಿ, ಸಂಕಟ ಶುರುವಾಗುತ್ತದೆ. "ಬೇರೆ ಉಪಾಯ ಇಲ್ಲೇನ್ರಿ?" ಅಂತ ಇನ್ನೊಬ್ಬ ಡಾಕ್ಟರನ್ನು ಕೇಳದೆ ಯಾರೂ ಒಪ್ಪಬೇಡಿ.

ಮೊದಲು ಮನುಷ್ಯಳು, ಆಮೇಲೆ ಕಾಗದ

2022ರ ನವೆಂಬರ್‌ನಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೆರಿಗೆ ನೋವಿನಿಂದ ಬಂದ ಒಬ್ಬ ಬಡ ಹೆಣ್ಣುಮಗಳನ್ನು ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು. ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು ಆಕೆಯೂ ತೀರಿಕೊಂಡಳು, ಆ ಎರಡು ಕೂಸುಗಳೂ ತೀರಿಕೊಂಡವು. ಡಾಕ್ಟರು, ನರ್ಸ್‌ಗಳು ಅಮಾನತಾದರು. ತುರ್ತಾಗಿ ಬಂದವರಿಗೆ ಚಿಕಿತ್ಸೆ ಕೊಡುವುದು ಸರಕಾರಿ ಆಸ್ಪತ್ರೆಯ ಸಂವಿಧಾನದ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕಾರ್ಡು ಆಮೇಲೆ ತಂದುಕೊಡಬಹುದು, ಜೀವ ತಂದುಕೊಡಲು ಆಗುವುದಿಲ್ಲ. ಕಬ್ಬು ಕಡಿಯಲು ಬೇರೆ ಊರಿಂದ ಬರುವ ಟೋಳಿಗಳಲ್ಲಿ ಬಸುರಿಯರು ಇರುತ್ತಾರೆ, ಅವರ ಕಾರ್ಡು ಊರಲ್ಲೇ ಉಳಿದಿರುತ್ತದೆ. ನಿಮ್ಮೂರ ಹೊಲದ ಗುಡಿಸಲಲ್ಲಿ ಅಂಥವರಿದ್ದರೆ ಅವರ ಜೊತೆ ದವಾಖಾನೆಗೆ ಹೋಗಲು ಸಂಘದವರು ಮುಂದಾಗಬೇಕು.

ಇನ್ನು ಚಹಾಪಾನಿ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಅಂತ ಹೆರಿಗೆ ಕೋಣೆಯ ಬಾಗಿಲಲ್ಲಿ ಕೈ ಚಾಚುವುದು ಎಲ್ಲರಿಗೂ ಗೊತ್ತಿದೆ. ನಾವೂ ಖುಷಿಯಿಂದ ಕೊಟ್ಟೆವು ಅನ್ನುತ್ತೇವೆ. ಖುಷಿಯಿಂದ ಕೊಡುವುದಾದರೆ ಹೆಣ್ಣಿಗೆ ಕಡಿಮೆ ಯಾಕೆ? 2011ರ ಜೂನ್‌ನಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸಾದಾ ಹೆರಿಗೆ ಇರಲಿ, ಸಿಸೇರಿಯನ್ ಇರಲಿ, ಔಷಧ, ತಪಾಸಣೆ, ರಕ್ತ, ಊಟ, ಹೋಗಿ ಬರುವ ಗಾಡಿ ಯಾವುದಕ್ಕೂ ದುಡ್ಡಿಲ್ಲ. ಕೊಡಲು ಆಗದ ಬಾಣಂತಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು, ಕೊಡುವವರು ಕೊಡುತ್ತಾ ಹೋದದ್ದರ ಫಲವೇ.

ಗುಟ್ಟು

ಈ ಭಾಗ ಸ್ವಲ್ಪ ಸಾವಕಾಶ ಓದಿ. ಸಭೆಯಲ್ಲಿ ಓದುವಾಗ ಗಂಡಸರು, ಮಕ್ಕಳು ಹೊರಗಿರಲಿ.

ನಮ್ಮ ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಸೋಂಕು ಮೊದಲಿಂದಲೂ ಹೆಚ್ಚು. ಮಾತ್ರೆ 2004ರಿಂದ ಸರಕಾರದಿಂದ ಪುಕ್ಕಟೆ ಸಿಗುತ್ತದೆ, ದಿನ ತಪ್ಪದೆ ತೆಗೆದುಕೊಂಡವರು ಎಲ್ಲರ ಹಾಗೆ ದುಡಿದು, ಮಕ್ಕಳ ಮದುವೆ ಮಾಡಿ ಬದುಕಿದ್ದಾರೆ. ಅವರನ್ನು ಬೇನೆಗಿಂತ ಹೆಚ್ಚು ಕೊಲ್ಲುವುದು ಬಾಯಿ. ಒಬ್ಬ ತಂಗಿ ನನಗೆ ಹೇಳಿದಳು: "ಸಿಸ್ಟರ್, ಮಾತ್ರೆ ಹತ್ರದಾಗ ಸಿಗ್ತಾವು. ಆದ್ರ ಅಲ್ಲಿ ನನ್ನ ಹೆಸರ ಕೂಗಿ, 'ಆ ಮಾತ್ರಿಯಾಕಿ ಬಂದಾಳ ನೋಡ್ರಿ' ಅಂದ್ರು. ಅವತ್ತಿಂದ ನಾ ದೂರದ ಊರಿಗೆ ಹೋಗ್ತೀನಿ." ಬಸ್ಸಿಗೆ ದುಡ್ಡಿಲ್ಲದ ತಿಂಗಳು ಆಕೆ ಮಾತ್ರೆ ಬಿಡುತ್ತಾಳೆ. ಒಬ್ಬರ ಒಂದು ಮಾತು ಒಂದು ಜೀವಕ್ಕೆ ಎಷ್ಟು ಭಾರ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಇದು ಬರೀ ಒರಟುತನ ಅಲ್ಲ, ಕಾನೂನಿಗೆ ವಿರುದ್ಧ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆ ಪಡೆಯದೆ ಈ ಪರೀಕ್ಷೆ ಮಾಡಬಾರದು. ಬಸುರಿಯ ರಕ್ತ ತೆಗೆಯುವಾಗಲೂ ಇದು ಎಂಥ ಪರೀಕ್ಷೆ ಅಂತ ಹೇಳಬೇಕು. ಮಗುವಿಗೆ ಸೋಂಕು ತಾಗದಂತೆ ಉಳಿಸಲು ಈ ಪರೀಕ್ಷೆ ಬಹಳ ಒಳ್ಳೆಯದು, ಹೇಳಿದರೆ ಬೇಡ ಅನ್ನುವ ತಾಯಂದಿರು ಇಲ್ಲವೇ ಇಲ್ಲ ಅನ್ನಬಹುದು. ಹೇಳುವ ಅರ್ಧ ನಿಮಿಷವನ್ನು ಉಳಿಸಿ ಏನು ಲಾಭ? ಒಬ್ಬರ ಸೋಂಕಿನ ವಿಷಯ ಹೊರಗೆ ಹಾಕಬಾರದು. ಸೋಂಕಿದೆ ಅಂತ ಕೆಲಸ, ಶಾಲೆ, ಚಿಕಿತ್ಸೆ ನಿರಾಕರಿಸಬಾರದು.

ಆದರೆ ಸರಕಾರಕ್ಕೆ ಮಾತ್ರ ಹೇಳಿ ಮುಗಿಸಿದರೆ ಅರ್ಧ ಸತ್ಯ ಆಗುತ್ತದೆ. ಆಶಾ ಕಾರ್ಯಕರ್ತೆ ನಮ್ಮದೇ ಓಣಿಯವಳು, ಕೆಲವು ಕಡೆ ನಮ್ಮದೇ ಸಂಘದ ಸದಸ್ಯೆ. "ಅಕಿಗೆ ಏನಾಗೇತಿ? ಯಾಕ ದವಾಖಾನಿಗೆ ಹೋಗ್ತಾಳ?" ಅಂತ ಆಕೆಯನ್ನು ಕೆದಕಿ ಕೆದಕಿ ಕೇಳುವವರು ಯಾರು? ಸಾಲ ಕೊಡುವಾಗ "ಅಕಿ ಇನ್ನ ಎಷ್ಟ ದಿನ ಇರ್ತಾಳೋ" ಅಂತ ಪಿಸುಗುಟ್ಟಿದ ಸಂಘಗಳೂ ಇವೆ. ಆಶಾಳ ಬಾಯಿ ಕಟ್ಟಬೇಕು ಅನ್ನುವ ಮೊದಲು ನಮ್ಮ ಕಿವಿ ಮುಚ್ಚಿಕೊಳ್ಳಬೇಕು.

ಹೊಣೆ ಯಾರದು?

ಸಾಲಹಳ್ಳಿಯಲ್ಲಿ ಅಮಾನತಾದವರು ಕೆಳಗಿನವರು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಆದರೆ ಹಳ್ಳಿಗೆ ಬರುವ ನರ್ಸ್‌ಗೆ ಎಷ್ಟು ಊರು ಕೊಟ್ಟಿದ್ದಾರೆ, ತಂಪಿನ ಡಬ್ಬಿ ಸರಿ ಇದೆಯೇ, ಗಾಡಿ ಇದೆಯೇ, ಮೇಲಿನವರು ಬಂದು ನೋಡುತ್ತಿದ್ದರೇ, ಇದನ್ನೂ ಕೇಳದಿದ್ದರೆ ಮುಂದಿನ ಊರಲ್ಲಿ ಅದೇ ತಪ್ಪು ಆಗುತ್ತದೆ. ಆಶಾ ಅಕ್ಕಂದಿರು 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನಲ್ಲಿ ಹಗಲು-ರಾತ್ರಿ ಕುಳಿತು ಗೌರವಧನಕ್ಕಾಗಿ ಹೋರಾಡಿದ್ದು ನಿಮಗೆ ಗೊತ್ತಿದೆ. ಕೆಲಸಕ್ಕೆ ತಕ್ಕ ಕೂಲಿ ಕೊಡದೆ, ಒಂದೊಂದು ಕೇಸಿಗೆ ಇಷ್ಟು ಅಂತ ದುಡ್ಡು ಕಟ್ಟಿ, ಆಮೇಲೆ "ಯಾಕ ಒತ್ತಾಯ ಮಾಡಿ ಕರ್ಕೊಂಡ ಬಂದಿ" ಅಂತ ಆಕೆಯನ್ನೇ ಬೈಯುವುದೂ ನೀತಿ ಅಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡಾಗ ಪ್ರಶ್ನೆ ಮೇಲಿನವರೆಗೆ ಹೋಯಿತು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಮೇಲೆ ಸಂಶಯ ಬಂತು. ಪಶ್ಚಿಮ ಬಂಗಾಳದ ಆ ಕಂಪನಿಯ ಸಲೈನ್ ಬಳಕೆಯನ್ನು ರಾಜ್ಯದಲ್ಲಿ ನಿಲ್ಲಿಸಿದರು, ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಬಾಣಂತಿಯ ಮಗ್ಗುಲಲ್ಲಿ ನಿಂತ ತಾಯಿಗೆ ಸಲೈನ್ ಬಾಟಲಿ ಚಲೋದೋ ಕೆಟ್ಟದ್ದೋ ಹೇಗೆ ಗೊತ್ತಾಗಬೇಕು? ನಮ್ಮ ಕಣ್ಣಿಗೆ ಕಾಣದ ಇಂಥ ಕಡೆ ನಮ್ಮ ಪರವಾಗಿ ನೋಡಲಿ ಅಂತಲೇ ಪಗಾರ ಕೊಟ್ಟು ಅಧಿಕಾರಿಗಳನ್ನು ಇಟ್ಟಿರುವುದು.

ಮೂಡಲಗಿಯವರಿಗೆ 2022ರ ಜೂನ್ ಮರೆತಿರಲಾರದು. ಬಸ್ ನಿಲ್ದಾಣದ ಹತ್ತಿರ ಬಾಟಲಿಗಳಲ್ಲಿ ಏಳು ಭ್ರೂಣಗಳು ಸಿಕ್ಕವು. ಪೊಲೀಸರು ಕೇಸು ಹಾಕಿದರು, ಒಂದು ಖಾಸಗಿ ಆಸ್ಪತ್ರೆಗೆ ಬೀಗ ಬಿತ್ತು. ಖಾಸಗಿಯಾದರೂ ಅದರ ಮೇಲೆ ಕಣ್ಣಿಡುವುದು ಸರಕಾರದ ಹೊಣೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುವುದನ್ನು ತಡೆಯುವ ಕಾನೂನು 1994ರಿಂದ ಇದೆ, ಸ್ಕ್ಯಾನಿಂಗ್ ಮಷೀನಿನ ಲೆಕ್ಕ ನೋಡಲು ಅಧಿಕಾರಿಗಳಿದ್ದಾರೆ. ಬಾಟಲಿಗಳು ಹೊರಗೆ ಬಂದ ಮೇಲೆ ಓಡಿ ಬರುವುದಕ್ಕಿಂತ ಮೊದಲೇ ಬಂದು ರಿಜಿಸ್ಟರ್ ನೋಡುವುದು ಅವರ ಕೆಲಸ.

ಸಂಘ ಏನು ಮಾಡಬಹುದು

ಕೂಗಾಡುವುದರಿಂದ ಒಂದು ದಿನದ ಕೆಲಸ ಆಗುತ್ತದೆ, ಬರೆದು ಕೊಡುವುದರಿಂದ ವರ್ಷದ ಕೆಲಸ ಆಗುತ್ತದೆ. ಪ್ರತಿ ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಅದರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಜಾಗ ಇದೆ. ನಿಮ್ಮೂರ ಸಮಿತಿಯಲ್ಲಿ ನಿಮ್ಮವರು ಯಾರಿದ್ದಾರೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ, ಯಾರದೋ ಹೆಸರು ಕಾಗದದಲ್ಲಿ ಇದೆ, ಸಭೆ ಆಗುತ್ತಿಲ್ಲ ಅಂತಲೇ ಅರ್ಥ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಅದಕ್ಕೆ ಬರುವ ದುಡ್ಡು ಎಲ್ಲಿ ಖರ್ಚಾಯಿತು ಅಂತ ಕೇಳಬಹುದು. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಬರೆಯಬೇಕು. ಸಿಟ್ಟನ್ನೆಲ್ಲ ಅದರಲ್ಲಿ ಬರೆಯಲು ಹೋಗಬೇಡಿ, ಪ್ರಶ್ನೆ ಮಾತ್ರ ಬರೆಯಿರಿ.

ದೂರು ಕೊಡುವಾಗ ದಿನ, ಹೊತ್ತು, ಏನಾಯಿತು ಅನ್ನೋದನ್ನು ಅವತ್ತೇ ಬರೆದಿಡಿ. ಮೊದಲು ತಾಲೂಕು ಆರೋಗ್ಯ ಅಧಿಕಾರಿಗೆ, ಆಮೇಲೆ ಜಿಲ್ಲಾ ಆರೋಗ್ಯ ಅಧಿಕಾರಿಗೆ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಝೆರಾಕ್ಸ್ ಇಟ್ಟುಕೊಳ್ಳಿ. ಒಬ್ಬಳೇ ಹೋಗಬೇಡಿ, ಇಬ್ಬರು-ಮೂವರು ಹೋಗಿ. ಇಪ್ಪತ್ತು ಮಂದಿ ಗುಂಪು ಕಟ್ಟಿ ಹೋದರೆ ಮಾತು ಜಗಳಕ್ಕೆ ತಿರುಗುತ್ತದೆ. ಚಲೋ ಕೆಲಸ ಮಾಡುವ ನರ್ಸ್, ಡಾಕ್ಟರ ಬಗ್ಗೆಯೂ ಒಂದು ಪತ್ರ ಬರೆದು ಕೊಡಿ. ನಮ್ಮ ತಾಲೂಕುಗಳಲ್ಲಿ ಅಂಥವರು ಬಹಳ ಮಂದಿ ಇದ್ದಾರೆ, ರಾತ್ರಿ ಎರಡು ಗಂಟೆಗೆ ಎದ್ದು ಬರುವವರು. ಅವರನ್ನು ನೆನೆಯುವವರೇ ಇಲ್ಲ.

ಮುಂದಿನ ಸಭೆಯಲ್ಲಿ ಮಾತಾಡಲು

1. ನಮ್ಮಲ್ಲಿ ಎಷ್ಟು ಮಂದಿ ದವಾಖಾನೆಯಲ್ಲಿ ಓದಿಸಿಕೊಳ್ಳದೆ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದೇವೆ? ಅದು ಯಾವ ಕಾಗದ ಆಗಿತ್ತು?

2. ನಮ್ಮೂರಲ್ಲಿ ಲಸಿಕೆ ಯಾವ ವಾರ, ಎಲ್ಲಿ ಹಾಕುತ್ತಾರೆ? ಮುಂದಿನ ಸಲ ಬಾಟಲಿಯ ಚೌಕ ನೋಡಿ, ಗಂಟೆ ಕೇಳಿ ಬರಲು ಯಾವ ಇಬ್ಬರು ಹೋಗುತ್ತೀರಿ?

3. ಗ್ರಾಮ ಆರೋಗ್ಯ ಸಮಿತಿಯಲ್ಲಿ ನಮ್ಮ ಸಂಘದವರು ಇದ್ದಾರೆಯೇ? ಕೊನೆಯ ಸಭೆ ಯಾವಾಗ ಆಯಿತು?

4. ಒಬ್ಬ ಸದಸ್ಯೆಯ ಬೇನೆಯ ವಿಷಯ ಸಂಘದಲ್ಲಿ ಯಾರೂ ಬಾಯಿ ಬಿಡಬಾರದು ಅಂತ ಠರಾವು ಮಾಡಲು ಎಲ್ಲರೂ ಒಪ್ಪುತ್ತೀರಾ?

ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಹಿ ಮಾಡಿ ಒಕ್ಕೂಟದ ಸಭೆಗೆ ತನ್ನಿ. ಯಾರ ಬೇನೆಯ ಹೆಸರೂ, ಯಾರ ಹೆಸರೂ ಅದರಲ್ಲಿ ಬರೆಯಬೇಡಿ.